ಕಯಾಕ್ ಒಯ್ಯುವ ಕೈಗಾಡಿ: ಕಾರವಾರದ ಮರಳಿಗೂ ಚಿರೆಕಲ್ಲಿನ ದಾರಿಗೂ ತಾಳುವಂತೆ ರಚಿಸುವ ಸಮಗ್ರ ಮಾರ್ಗದರ್ಶಿ

ಕಾಳಿ ನದಿಯ ಅಳಿವೆಯಲ್ಲಿ ಕಯಾಕ್ ಎಂಬ, ಹುಟ್ಟು ಹಾಕಿ ಸಾಗುವ ಕಿರುದೋಣಿಯನ್ನು ನಡೆಸುವವರಿಗೆ ನೀರಿನ ಮೇಲಿನ ಐದು ಕಿಲೋಮೀಟರ್ ಕಷ್ಟವೆನಿಸುವುದಿಲ್ಲ. ವಾಹನ ನಿಲ್ಲಿಸಿದ ಜಾಗದಿಂದ ನೀರಿನ ಅಂಚಿನವರೆಗಿನ ಇನ್ನೂರು ಮೀಟರ್ ಮಾತ್ರ ಬೆನ್ನು ಮುರಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರಿನ ಮಟ್ಟ ಎರಡು ಮೀಟರಿನಷ್ಟು ಏರಿ ಇಳಿಯುವ ಈ ಕರಾವಳಿಯಲ್ಲಿ, ಬೆಳಿಗ್ಗೆ ಭರತದ ಹೊತ್ತಿಗೆ ಹತ್ತಿರವಿದ್ದ ನೀರು ಮಧ್ಯಾಹ್ನ ಮರಳಿ ಬರುವಾಗ ದೂರ ಸರಿದಿರುತ್ತದೆ. ದಣಿದ ಕೈಗಳಿಂದ ಇಪ್ಪತ್ತೆಂಟು ಕಿಲೋ ತೂಕದ ದೋಣಿಯನ್ನು ಮೆದು ಮರಳಿನ ಮೇಲೆ ಎಳೆದು ತರಬೇಕಾಗುತ್ತದೆ. ಹಾಗೆ ಎಳೆದಷ್ಟೂ ದೋಣಿಯ ತಳ, ಅದರಲ್ಲೂ ಹಿಂತುದಿ, ಸವೆದು ತೆಳುವಾಗುತ್ತದೆ. ರಂಪಣಿ ಬಲೆಯ ದೋಣಿಗಳನ್ನು ದಡಕ್ಕೇರಿಸುವವರು ಅಡಿಗೆ ಮರದ ತುಂಡುಗಳನ್ನು ಹಾಸಿ ಹತ್ತಾರು ಜನ ಸೇರಿ ಉರುಳಿಸುತ್ತಾರೆ. ಒಬ್ಬರೇ ಹೋಗಿ ಒಬ್ಬರೇ ಬರುವ ಕಯಾಕಿಗನಿಗೆ ಆ ಅನುಕೂಲವಿಲ್ಲ.

ಇಲ್ಲಿ ವಿವರಿಸುತ್ತಿರುವುದು ಎರಡು ಗಾಲಿಯ, ಬಿಡಿಭಾಗಗಳಾಗಿ ಬಿಚ್ಚಿ ದೋಣಿಯ ಮೇಲೆಯೇ ಕಟ್ಟಿಕೊಂಡು ಹೋಗಬಹುದಾದ, ಸುಮಾರು ಆರು ಕಿಲೋ ತೂಕದ ಕೈಗಾಡಿ. ಇಂತಹ ಗಾಡಿಗಳು ಕೆಡುವುದನ್ನು ನೋಡಿದ ಅನುಭವದಿಂದ ಒಂದು ಮಾತನ್ನು ಮೊದಲೇ ಹೇಳಬೇಕು. ಪೈಪು ಮುರಿದು ಗಾಡಿ ಹಾಳಾಗುವುದು ಅಪರೂಪ. ಗಾಲಿ ಮರಳಿನಲ್ಲಿ ಹೂತು ಮುಂದೆ ಹೋಗದಿರುವುದು, ಗಾಡಿ ದೋಣಿಯ ಅಡಿಯಲ್ಲಿ ತಿರುಗಿ ಮಗುಚಿಕೊಳ್ಳುವುದು, ಇವೆರಡೇ ಮುಖ್ಯ ತೊಂದರೆಗಳು. ಆದ್ದರಿಂದ ಪೈಪಿನ ದಪ್ಪಕ್ಕಿಂತ ಹೆಚ್ಚಿನ ಯೋಚನೆಯನ್ನು ಗಾಲಿಗೆ ಮತ್ತು ಭಾರ ಸಾಗುವ ದಾರಿಗೆ ಕೊಡಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಮಳೆಗಾಲದ ದಿನಗಳಲ್ಲಿ ನಾವೂ ಸಮುದ್ರದ ಕಡೆಗೆ ಹೋಗುವುದಿಲ್ಲವಾದ್ದರಿಂದ ಈ ಕೆಲಸಕ್ಕೆ ಅದೇ ತಕ್ಕ ಕಾಲ.

ಮೊದಲು ದೋಣಿಯನ್ನೂ ದಾರಿಯನ್ನೂ ಅಳೆಯಿರಿ

ಗಾಡಿಯ ಚಿತ್ರ ಬರೆಯುವ ಮುನ್ನ ದೋಣಿಯ ನಿಜವಾದ ತೂಕ ಮತ್ತು ತೂಕದ ನಡುಬಿಂದು ತಿಳಿದಿರಬೇಕು. ತಯಾರಕರು ಬರೆದ ತೂಕದಲ್ಲಿ ಆಸನ, ಹಗ್ಗ, ಹುಟ್ಟು ಸೇರಿರುವುದಿಲ್ಲ. ಮನೆಯಲ್ಲಿ ನಿಂತು ತೂಗುವ ಯಂತ್ರವೊಂದಿದ್ದರೆ ಸಾಕು. ದೋಣಿಯ ಎರಡೂ ತುದಿಗಳ ಬಳಿ ಒಂದೇ ಎತ್ತರದ ಆಸರೆ ಕೊಟ್ಟು, ಒಂದು ಆಸರೆಯ ಕೆಳಗೆ ಯಂತ್ರವಿಟ್ಟು ಓದಿಕೊಳ್ಳಿ. ಬಳಿಕ ಯಂತ್ರವನ್ನು ಇನ್ನೊಂದು ಆಸರೆಗೆ ಬದಲಿಸಿ. ಆಸರೆಯ ತೂಕವನ್ನು ಕಳೆದು ಎರಡು ಅಂಕಿಗಳನ್ನು ಕೂಡಿಸಿದರೆ ಒಟ್ಟು ತೂಕ ಸಿಗುತ್ತದೆ. ನನ್ನ ದೋಣಿ 3.4 ಮೀಟರ್ ಉದ್ದದ, 76 ಸೆಂ.ಮೀ. ಅಗಲದ, ಮೇಲೆ ಕೂರುವ ಬಗೆಯ ಪಾಲಿಥೀನ್ ಕಯಾಕ್. ಆಸರೆಗಳ ನಡುವೆ 3 ಮೀಟರ್ ಅಂತರವಿಟ್ಟಾಗ ಮುಂದೆ 13 ಕಿಲೋ, ಹಿಂದೆ 15 ಕಿಲೋ ಬಂತು. ಮುಂದಿನ ಅಂಕಿಯನ್ನು ಒಟ್ಟು ತೂಕದಿಂದ ಭಾಗಿಸಿ 3 ಮೀಟರಿನಿಂದ ಗುಣಿಸಿದರೆ, ಹಿಂದಿನ ಆಸರೆಯಿಂದ ನಡುಬಿಂದು 1.39 ಮೀಟರ್ ದೂರದಲ್ಲಿದೆ ಎಂದಾಯಿತು. ಆ ಜಾಗದಲ್ಲಿ ದೋಣಿಯ ಎರಡೂ ಬದಿಗೆ ಅಳಿಸದ ಶಾಯಿಯಿಂದ ಗೆರೆ ಎಳೆಯಿರಿ.

ಗಾಲಿಗಳ ಅಚ್ಚು ಸರಿಯಾಗಿ ಈ ಗೆರೆಯ ಕೆಳಗೆ ಬರಬಾರದು. ಹಾಗೆ ಬಂದರೆ ದೋಣಿ ತಕ್ಕಡಿಯಂತೆ ಮುಂದಕ್ಕೂ ಹಿಂದಕ್ಕೂ ತೂಗಾಡುತ್ತದೆ. ಗೆರೆಯಿಂದ ಸುಮಾರು 20 ಸೆಂ.ಮೀ. ಹಿಂದಕ್ಕೆ ಅಚ್ಚು ಇದ್ದು, ಕೈ ಹಿಡಿಕೆ ಗೆರೆಯಿಂದ 1.7 ಮೀಟರ್ ಮುಂದಿದ್ದರೆ, ಹುಟ್ಟು, ಲೈಫ್ ಜಾಕೆಟ್, ನೀರು, ಬುತ್ತಿ ಸೇರಿ 35 ಕಿಲೋ ಆಗುವ ಭಾರದಲ್ಲಿ ಕೈಗೆ ಬರುವುದು 35 ಅನ್ನು 0.20ರಿಂದ ಗುಣಿಸಿ 1.9ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 3.7 ಕಿಲೋ. ನಡೆಯುವಾಗ ತೋಳಿಗೆ ಇದು ಹಿತವಾದ ಭಾರ; ಮೂತಿ ಮೇಲಕ್ಕೆ ಹಾರುವುದಿಲ್ಲ, ಕೈಯೂ ಸೋಲುವುದಿಲ್ಲ. ಉಳಿದ 31 ಕಿಲೋ ಗಾಲಿಗಳ ಪಾಲಿಗೆ.

ದಾರಿಯನ್ನು ಬರಿಗೈಯಲ್ಲಿ ಒಮ್ಮೆ ನಡೆದು ನೋಡಿ. ಕೋಡಿಬಾಗದ ಕಡೆ ನದಿ ದಡದಲ್ಲಿ ಒಂದು ತೆರ, ದೇವಬಾಗದ ಗಾಳಿಮರದ ತೋಪಿನಾಚೆಯ ಒಣ ಮರಳಿನಲ್ಲಿ ಇನ್ನೊಂದು ತೆರ, ಮಾಜಾಳಿಯಲ್ಲಿ ಮತ್ತೊಂದು ತೆರ ನೆಲವಿರುತ್ತದೆ. ಅತ್ಯಂತ ಇಕ್ಕಟ್ಟಾದ ಗೇಟಿನ ಅಗಲ, ಅತ್ಯಂತ ಎತ್ತರದ ಮೆಟ್ಟಿಲು, ಒಣ ಮರಳಿನ ಉದ್ದ, ಇವು ಮೂರನ್ನು ಬರೆದುಕೊಂಡರೆ ಸಾಕು. ನನ್ನ ದಾರಿಯಲ್ಲಿ 90 ಸೆಂ.ಮೀ. ಅಗಲದ ಗೇಟು, 15 ಸೆಂ.ಮೀ. ಎತ್ತರದ ಚಿರೆಕಲ್ಲಿನ ಮೆಟ್ಟಿಲು ಎರಡು, ನೂರು ಮೀಟರಿಗೂ ಹೆಚ್ಚು ಒಣ ಮರಳು ಇದ್ದವು. ಕೆಳಗಿನ ಅಳತೆಗಳೆಲ್ಲ ಇವುಗಳಿಂದ ಹುಟ್ಟಿದವು; ನಿಮ್ಮ ದಾರಿ ಬೇರೆಯಾದರೆ ಅಳತೆಯೂ ಬೇರೆಯಾಗಬೇಕು.

ಗಾಲಿಯ ಆಯ್ಕೆ

ಹಣ ಖರ್ಚು ಮಾಡಬೇಕಾದ ಭಾಗವಿದ್ದರೆ ಅದು ಗಾಲಿ. ಇದರಲ್ಲಿ ಉಳಿತಾಯ ಮಾಡಿ ಉಳಿದುದನ್ನೆಲ್ಲ ಉಕ್ಕಿನಲ್ಲಿ ಮಾಡಿಸಿದರೂ ಪ್ರಯೋಜನವಿಲ್ಲ. ಗಾಳಿ ತುಂಬಿದ ಮೆತ್ತನೆಯ ಗಾಲಿ ನೆಲವನ್ನು ಒತ್ತುವ ಒತ್ತಡ ಹೆಚ್ಚು ಕಡಿಮೆ ಅದರೊಳಗಿನ ಗಾಳಿಯ ಒತ್ತಡದಷ್ಟೇ ಇರುತ್ತದೆ ಎಂಬುದನ್ನು ನೆನಪಿಟ್ಟರೆ ಲೆಕ್ಕ ಸುಲಭ. ಒಂದೊಂದು ಗಾಲಿಯ ಮೇಲೆ ಸುಮಾರು 16 ಕಿಲೋ ಬರುತ್ತದೆ ಎನ್ನೋಣ. ಸೈಕಲ್ ಟಯರಿನಂತೆ 40 ಪಿಎಸ್‌ಐ ಒತ್ತಡವಿದ್ದರೆ ನೆಲಕ್ಕೆ ತಾಗುವ ಜಾಗ ಆರು ಚದರ ಸೆಂ.ಮೀ.ಗಿಂತ ಕಡಿಮೆ, ಅಂತಹ ಗಾಲಿ ಒಣ ಮರಳನ್ನು ಚಾಕುವಿನಂತೆ ಸೀಳಿಕೊಂಡು ಇಳಿಯುತ್ತದೆ. 10 ಪಿಎಸ್‌ಐಗೆ ಇಳಿಸಿದರೆ 23 ಚದರ ಸೆಂ.ಮೀ., 3 ಪಿಎಸ್‌ಐ ಆದರೆ 76 ಚದರ ಸೆಂ.ಮೀ. ಆಗುತ್ತದೆ. ಮೆದು ಮರಳಿನ ಮೇಲೆ ತೇಲಿದಂತೆ ಸಾಗುವ, ಬಲೂನಿನಂತೆ ಉಬ್ಬಿದ ಪ್ಲಾಸ್ಟಿಕ್ ಗಾಲಿಗಳ ಗುಟ್ಟು ಇಷ್ಟೇ.

ಸುಮಾರು 30 ಸೆಂ.ಮೀ. ವ್ಯಾಸದ, 15 ಸೆಂ.ಮೀ. ಅಗಲದ ಬಲೂನ್ ಗಾಲಿಗಳನ್ನು ಆನ್‌ಲೈನಿನಲ್ಲಿ ತರಿಸಬೇಕಾಗುತ್ತದೆ, ಬೆಲೆಯೂ ಹೆಚ್ಚು. ಒಣ ಮರಳು ಐವತ್ತು ಮೀಟರಿಗಿಂತ ಕಡಿಮೆಯಿದ್ದು ಉಳಿದುದು ಡಾಂಬರು ಅಥವಾ ಗಟ್ಟಿ ಮಣ್ಣಾಗಿದ್ದರೆ, ಹಾರ್ಡ್‌ವೇರ್ ಅಂಗಡಿಯಲ್ಲಿ ಮೂಟೆ ಸಾಗಿಸುವ ಟ್ರಾಲಿಗೆಂದು ಮಾರುವ ಹತ್ತು ಇಂಚಿನ ಗಾಳಿ ಗಾಲಿಗಳೇ ಸಾಕು. ಮರಳಿಗೆ ಇಳಿಯುವ ಮುನ್ನ ಗಾಳಿ ತಗ್ಗಿಸಿ, ರಸ್ತೆಗೆ ಬಂದಾಗ ಕೈಪಂಪಿನಿಂದ ತುಂಬಿಸಿ. ಬಲೂನ್ ಗಾಲಿಗೆ ಒಂದು ದೌರ್ಬಲ್ಯವಿದೆ. ಅಘನಾಶಿನಿ ದಡದಲ್ಲಿ ರಾಶಿ ಬೀಳುವ ಬಳಚಿನ ಚಿಪ್ಪುಗಳ, ಬಂಡೆಗಂಟಿದ ಕಲಗವೆಂಬ ಸಿಂಪಿಯ ಅಂಚು ಅದರ ತೆಳ್ಳಗಿನ ಹೊದಿಕೆಯನ್ನು ಕೊಯ್ಯಬಲ್ಲದು. ಅಂತಹ ದಡಗಳಲ್ಲೇ ಹೆಚ್ಚು ಓಡಾಡುವವರಿಗೆ ಗಾಳಿಯಿಲ್ಲದ, ಗಟ್ಟಿ ಸ್ಪಂಜು ತುಂಬಿದ ಗಾಲಿ ಒಳ್ಳೆಯದು. ಮರಳಿನಲ್ಲಿ ಅದು ತುಸು ಭಾರವೆನಿಸಿದರೂ ಅರ್ಧ ದಾರಿಯಲ್ಲಿ ಕೈಕೊಡುವುದಿಲ್ಲ.

ಗಾಲಿಯ ಒಳಗೆ ಬಾಲ್ ಬೇರಿಂಗ್ ಬೇಡ. ಉಪ್ಪುನೀರೂ ನುಣ್ಣನೆಯ ಮರಳೂ ಸೇರಿದರೆ ಸಾಮಾನ್ಯ ಬೇರಿಂಗು ಒಂದು ಋತುವಿನೊಳಗೆ ತುಕ್ಕು ಹಿಡಿದು ಕೂಗತೊಡಗುತ್ತದೆ. ಅದರ ಜಾಗದಲ್ಲಿ ಲೇತಿನಲ್ಲಿ ಕಡೆಸಿದ ಪ್ಲಾಸ್ಟಿಕ್ ಬುಷ್ ಹಾಕಿಸಿ. ನೈಲಾನ್ ನೀರು ಹೀರಿ ಉಬ್ಬುವುದರಿಂದ ಡೆಲ್ರಿನ್ ಎಂದು ಕೇಳಿ ಪಡೆಯಿರಿ. 16 ಮಿ.ಮೀ. ಅಚ್ಚಿಗೆ 16.3 ಮಿ.ಮೀ. ರಂಧ್ರ ಸಾಕು. ಕೈಯಿಂದ ಎಳೆಯುವ ವೇಗಕ್ಕೆ ಇದಕ್ಕಿಂತ ನಯವಾದ ತಿರುಗಣೆ ಬೇಕಿಲ್ಲ.

ಅಚ್ಚು, ಅಗಲ, ಎತ್ತರ

ಗಾಲಿಗಳು ದೋಣಿಯ ಹೊರಬದಿಗೆ ಇರಬೇಕೇ, ಅಡಿಯಲ್ಲಿರಬೇಕೇ ಎಂಬುದು ಮೊದಲ ತೀರ್ಮಾನ. 76 ಸೆಂ.ಮೀ. ಅಗಲದ ದೋಣಿಯ ಹೊರಗೆ ಗಾಲಿಗಳಿಟ್ಟರೆ ಒಟ್ಟು ಅಗಲ ಒಂದು ಮೀಟರ್ ದಾಟುತ್ತದೆ. ಗೇಟಿನಲ್ಲಿ ತೂರುವುದಿಲ್ಲ, ಅಚ್ಚೂ ಬಾಗುತ್ತದೆ. ಅಡಿಯಲ್ಲಿಟ್ಟರೆ ದೋಣಿಯ ತಳ ಗಾಲಿಯ ನೆತ್ತಿಗಿಂತ ನಾಲ್ಕೈದು ಸೆಂ.ಮೀ. ಮೇಲಿರಬೇಕಾಗುತ್ತದೆ. ನಾನು ಎರಡನೆಯದನ್ನು ಆರಿಸಿದೆ. 30 ಸೆಂ.ಮೀ. ಗಾಲಿಗೆ ದೋಣಿ ಕೂರುವ ಎತ್ತರ 35 ಸೆಂ.ಮೀ., ಗಾಲಿಯ ನಡುವಿನಿಂದ ಗಾಲಿಯ ನಡುವಿಗೆ ಅಂತರ 60 ಸೆಂ.ಮೀ., ಅಚ್ಚಿನ ತುದಿಯಿಂದ ತುದಿಗೆ 80 ಸೆಂ.ಮೀ.

ಈ 60 ಸೆಂ.ಮೀ. ಅಂತರವನ್ನು ಕಡಿಮೆ ಮಾಡುವ ಆಸೆ ಬರುತ್ತದೆ, ಮಾಡಬಾರದು. ಭಾರದ ನಡುಬಿಂದು ನೆಲದಿಂದ ಸುಮಾರು 48 ಸೆಂ.ಮೀ. ಎತ್ತರದಲ್ಲಿದ್ದರೆ, 60 ಸೆಂ.ಮೀ. ಅಂತರದ ಗಾಡಿ 32 ಡಿಗ್ರಿ ವಾಲುವವರೆಗೆ ಮಗುಚುವುದಿಲ್ಲ. ಒಂದು ಗಾಲಿ 15 ಸೆಂ.ಮೀ. ಎತ್ತರದ ಕಲ್ಲನ್ನು ಹತ್ತಿದರೆ ಅದು ವಾಲುವುದು 14.5 ಡಿಗ್ರಿ ಮಾತ್ರ, ಧಾರಾಳ ಉಳಿಕೆಯಿದೆ. ಅಂತರವನ್ನು 40 ಸೆಂ.ಮೀ.ಗೆ ಇಳಿಸಿದರೆ ಅದೇ ಕಲ್ಲಿನ ಮೇಲೆ 22 ಡಿಗ್ರಿ ವಾಲುತ್ತದೆ, ಮಗುಚುವ ಮಿತಿಯೂ ಹೆಚ್ಚು ಕಡಿಮೆ ಅಷ್ಟೇ ಆಗಿರುತ್ತದೆ. ಮಾರುಕಟ್ಟೆಯ ಅನೇಕ ಕಿರಿದಾದ ಗಾಡಿಗಳು ನಮ್ಮ ಮೆಟ್ಟಿಲುಗಳಲ್ಲಿ ಮಗುಚುವುದಕ್ಕೆ ಕಾರಣ ಇದೇ.

ಈಗ ಅಚ್ಚಿನ ದಪ್ಪ. ಗಾಡಿ ಕಲ್ಲಿನಿಂದ ಧಡಕ್ಕನೆ ಇಳಿದಾಗ ಬೀಳುವ ಪೆಟ್ಟನ್ನು ನಿಂತ ಭಾರದ ಮೂರು ಪಟ್ಟು ಎಂದಿಟ್ಟುಕೊಳ್ಳೋಣ. ಆಗ ಒಂದು ಬದಿಗೆ ಸುಮಾರು 47 ಕಿಲೋ ಬರುತ್ತದೆ. ಅಚ್ಚಿನ ಮೇಲೆ ನಿಂತು ದೋಣಿಯನ್ನು ಹೊರುವ ಗೂಟ ಅದರ ನಡುವಿನಿಂದ 20 ಸೆಂ.ಮೀ., ಗಾಲಿಯ ನಡು 30 ಸೆಂ.ಮೀ. ದೂರದಲ್ಲಿರುವುದರಿಂದ ಬಾಗಿಸುವ ತೋಳಿನ ಉದ್ದ 10 ಸೆಂ.ಮೀ. ಹೀಗೆ ಲೆಕ್ಕ ಹಾಕಿದರೆ 12 ಮಿ.ಮೀ. ಸಲಾಕೆಯಲ್ಲಿ ಸುಮಾರು 271 ಮೆಗಾಪಾಸ್ಕಲ್, 16 ಮಿ.ಮೀ. ಸಲಾಕೆಯಲ್ಲಿ ಸುಮಾರು 115 ಮೆಗಾಪಾಸ್ಕಲ್ ಒತ್ತಡ ಹುಟ್ಟುತ್ತದೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲು 205 ಮೆಗಾಪಾಸ್ಕಲ್ ಆಚೆಗೆ ಶಾಶ್ವತವಾಗಿ ಬಾಗುವ ಭಯವಿದೆ. ದಪ್ಪ ನಾಲ್ಕು ಮಿ.ಮೀ. ಹೆಚ್ಚಿದ್ದಕ್ಕೆ ಒತ್ತಡ ಅರ್ಧಕ್ಕಿಂತ ಕಡಿಮೆಯಾಯಿತು. ತೂಕದ ಚಿಂತೆಯೇ? ಕಟ್ಟಡದ ಕಬ್ಬಿಣ ಕಟ್ಟುವವರು ಬಳಸುವ ಸೂತ್ರದಂತೆ, ಮಿ.ಮೀ. ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿಗೆ 1.58 ಕಿಲೋ, 80 ಸೆಂ.ಮೀ. ತುಂಡಿಗೆ ಒಂದೂಕಾಲು ಕಿಲೋ. ಇಡೀ ಗಾಡಿಯಲ್ಲಿ ಅತ್ಯಂತ ಅರ್ಥಪೂರ್ಣವಾದ ತೂಕ ಇದು. ಗೂಟವನ್ನು ಗಾಲಿಯ ಹತ್ತಿರಕ್ಕೆ ತಂದಷ್ಟೂ ಅಚ್ಚಿಗೆ ಸುಖ ಎಂಬುದನ್ನೂ ಈ ಲೆಕ್ಕವೇ ಹೇಳುತ್ತದೆ.

ದೋಣಿ ಕೂರುವ ಮಣೆಗಳು, ಮತ್ತು ನಾನು ಮಾಡಿದ ತಪ್ಪು

ದೋಣಿಯ ತಳವನ್ನು ಹೊರುವ ಎರಡು ಉದ್ದನೆಯ ಆಸರೆಗಳನ್ನು ಮಣೆ ಎಂದು ಕರೆಯುತ್ತೇನೆ. ಇವು ದೋಣಿಯ ಉದ್ದಕ್ಕೆ ಸಮಾನಾಂತರವಾಗಿ, ಅಚ್ಚಿಗೆ ಅಡ್ಡಲಾಗಿ ಇರುತ್ತವೆ. ನನ್ನ ಮೊದಲ ಗಾಡಿಯಲ್ಲಿ ದೋಣಿಯ ತಳದ ವಕ್ರಕ್ಕೆ ತಾನಾಗಿ ಹೊಂದಿಕೊಳ್ಳಲಿ ಎಂದು ಪ್ರತಿ ಮಣೆಯನ್ನೂ ಗೂಟದ ತುದಿಯಲ್ಲಿ ಒಂದೇ ಬೋಲ್ಟಿನ ಮೇಲೆ ಹಿಂದೆ ಮುಂದೆ ತೂಗುವಂತೆ ಕೂರಿಸಿದ್ದೆ. ಸಿಮೆಂಟ್ ಅಂಗಳದಲ್ಲಿ ಚೆನ್ನಾಗಿ ಓಡಿತು. ಮರಳಿಗೆ ಇಳಿಸಿ ಹತ್ತು ಹೆಜ್ಜೆ ಎಳೆಯುವಷ್ಟರಲ್ಲಿ ಗೂಟಗಳು ಹಿಂದಕ್ಕೆ ಮಲಗಿ ದೋಣಿ ಗಾಲಿಗಳ ಮೇಲೆಯೇ ಕುಳಿತಿತು. ಮೇಲಿನ ಬೋಲ್ಟೂ ತಿರುಗುತ್ತದೆ, ಕೆಳಗಿನ ಅಚ್ಚೂ ತಿರುಗುತ್ತದೆ. ಎರಡು ತಿರುಗುಣಿಗಳ ನಡುವೆ ನಿಂತ ಗೂಟ ನೆಟ್ಟಗೆ ನಿಲ್ಲಲು ಯಾವ ಕಾರಣವೂ ಇರಲಿಲ್ಲ. ಮಣೆ ಗೂಟಕ್ಕೆ ಅಲುಗದಂತೆ ಬೆಸೆದಿರಬೇಕು, ಮಣೆ ದೋಣಿಗೆ ಅಲುಗದಂತೆ ಬಿಗಿದಿರಬೇಕು. ತಿರುಗುವುದು ಅಚ್ಚಿನ ಬಳಿ ಮಾತ್ರ.

ಮಣೆಯ ಉದ್ದವನ್ನೂ ಇದೇ ನಿರ್ಧರಿಸುತ್ತದೆ. ಮರಳಿನಲ್ಲಿ ಗಾಲಿಯ ಮೇಲಿನ ಭಾರದ ಕಾಲುಭಾಗದಷ್ಟು ಬಲದಿಂದ ಎಳೆಯಬೇಕಾಯಿತು ಎನ್ನಿ. ಗಾಲಿ ಅಚ್ಚನ್ನು ಹಿಂದಕ್ಕೆ ಎಳೆಯುತ್ತದೆ, ದೋಣಿ ಅಚ್ಚಿನಿಂದ 20 ಸೆಂ.ಮೀ. ಮೇಲೆ ಮುಂದಕ್ಕೆ ಎಳೆಯುತ್ತದೆ. ಪರಿಣಾಮವಾಗಿ ಭಾರ ಮಣೆಯ ನಡುವಿನಿಂದ 20ರ ಕಾಲುಭಾಗ, ಅಂದರೆ ಸುಮಾರು 5 ಸೆಂ.ಮೀ. ಜಾರುತ್ತದೆ. 45 ಸೆಂ.ಮೀ. ಉದ್ದದ ಮಣೆಗೆ ನಡುವಿನಿಂದ ತುದಿಗೆ 22 ಸೆಂ.ಮೀ. ಇರುವುದರಿಂದ ಅಪಾಯವಿಲ್ಲ. ಆದರೆ ಗಾಲಿ ಕಲ್ಲಿಗೆ ಬಡಿದು ಭಾರದಷ್ಟೇ ಬಲ ಒಮ್ಮೆಗೆ ಬಿದ್ದರೆ ಭಾರ 20 ಸೆಂ.ಮೀ. ಜಾರಿ ಮಣೆಯ ತುದಿಗೇ ಬರುತ್ತದೆ, ಪೆಟ್ಟು ತುಸು ಹೆಚ್ಚಾದರೂ ಮಣೆ ಸಾಲದು. ಆಗ ಗಾಡಿಯನ್ನು ಮಗುಚದಂತೆ ಹಿಡಿಯುವುದು ದೋಣಿಯನ್ನು ಗಾಡಿಗೆ ಬಿಗಿಯುವ ಪಟ್ಟಿಗಳು ಮಾತ್ರ. ಪಟ್ಟಿ ಕಟ್ಟುವುದರ ಬಗ್ಗೆ ಮುಂದೆ ಅಷ್ಟು ಒತ್ತಿ ಹೇಳುವುದು ಇದಕ್ಕಾಗಿ.

ಮೇಲೆ ಕೂರುವ ಕಯಾಕುಗಳಲ್ಲಿ ನೀರು ಬಸಿಯಲು ಇರುವ ತೂತುಗಳಿಗೆ ಎರಡು ಗೂಟ ತೂರಿಸುವ ಬಗೆಯ ಗಾಡಿಗಳೂ ಇವೆ. ಪಟ್ಟಿ ಬೇಡ, ಜಾರುವುದಿಲ್ಲ, ಹಗುರ. ಆದರೆ ಇಡೀ ಭಾರ ತೂತಿನ ಅಂಚುಗಳ ಮೇಲೆ ಬೀಳುವುದರಿಂದ, ಕಲ್ಲುದಾರಿಯಲ್ಲಿ ಪದೇ ಪದೇ ಎಳೆದರೆ ಅಲ್ಲಿ ಬಿರುಕು ಬರುವ ಸಂಭವವಿದೆ. ಬಿರುಕು ಬಿಟ್ಟ ಜಾಗದಿಂದ ದೋಣಿಯ ಹೊಟ್ಟೆಗೆ ನೀರು ಸೇರುತ್ತದೆ. ಆ ಬಗೆಯನ್ನು ನಾನು ಸಲಹೆ ಮಾಡುವುದಿಲ್ಲ.

ಯಾವ ಲೋಹ

ಪಿವಿಸಿ ಪೈಪಿನಲ್ಲಿ ಗಾಡಿ ಮಾಡುವುದು ಅಗ್ಗ ಮತ್ತು ಸುಲಭ, ಆದರೆ ನಮ್ಮ ಬಿಸಿಲಿಗೆ ಅದು ಕೆಲವು ವರ್ಷಗಳಲ್ಲಿ ಪೆಡಸಾಗಿ ಒಡೆಯುತ್ತದೆ. ಅಲ್ಯೂಮಿನಿಯಂ ಹಗುರ, ಆದರೆ ಅದನ್ನು ಚೆನ್ನಾಗಿ ಬೆಸೆಯುವವರು ಸಣ್ಣ ಊರುಗಳಲ್ಲಿ ವಿರಳ; ಸ್ಟೀಲಿನ ಬೋಲ್ಟು ಹಾಕಿ ಜೋಡಿಸಿದರೆ ಉಪ್ಪುನೀರಿನಲ್ಲಿ ಎರಡು ಲೋಹ ತಾಗಿದಲ್ಲಿ ಅಲ್ಯೂಮಿನಿಯಂ ಬಿಳಿಪುಡಿಯಾಗಿ ತಿನ್ನಲ್ಪಡುತ್ತದೆ. ಕಾರವಾರ, ಕುಮಟಾ, ಶಿರಸಿ ಎಲ್ಲೆಡೆ ಮನೆಯ ಮೆಟ್ಟಿಲಿಗೆ, ಮಹಡಿಗೆ ಸ್ಟೀಲ್ ಕಟಾಂಜನ ಮಾಡುವವರಿದ್ದಾರೆ. ಅವರ ಬಳಿ ಸ್ಟೇನ್‌ಲೆಸ್ ಪೈಪುಗಳೂ ಇವೆ, ಆರ್ಗಾನ್ ಬೆಸುಗೆಯ ಯಂತ್ರವೂ ಇದೆ, ತುಂಡು ಪೈಪುಗಳನ್ನು ತೂಕದ ಲೆಕ್ಕದಲ್ಲಿ ಕೊಡುತ್ತಾರೆ. ಹಾಗಾಗಿ ನನ್ನ ಆಯ್ಕೆ ಅದೇ. 304 ದರ್ಜೆ ಸಾಕು, ಬಳಸಿದ ಮೇಲೆ ತೊಳೆಯುವ ಅಭ್ಯಾಸವಿದ್ದರೆ. 316ರಲ್ಲಿ ಸುಮಾರು ಎರಡು ಶೇಕಡಾ ಮಾಲಿಬ್ಡಿನಂ ಸೇರಿರುವುದರಿಂದ ಉಪ್ಪಿಗೆ ಅದು ಹೆಚ್ಚು ತಾಳುತ್ತದೆ. ಸಿಕ್ಕಿದರೆ ಅಚ್ಚಿಗಾದರೂ ಅದನ್ನೇ ಬಳಸಿ.

ಕತ್ತರಿಸಬೇಕಾದ ತುಂಡುಗಳು ಹೀಗಿವೆ. ಎಲ್ಲ ಪೈಪುಗಳ ಗೋಡೆ 2 ಮಿ.ಮೀ. ದಪ್ಪ. 25.4 ಮಿ.ಮೀ. ಪೈಪಿನಲ್ಲಿ, ಅಚ್ಚಿನ ಸಲಾಕೆ ಒಳಗೆ ತೂರುವ ಕೊಳವೆಗೆ 44 ಸೆಂ.ಮೀ. ಒಂದು, ಮಣೆಗಳಿಗೆ 45 ಸೆಂ.ಮೀ. ಎರಡು, ಗೂಟಗಳಿಗೆ 15 ಸೆಂ.ಮೀ. ಎರಡು. 31.8 ಮಿ.ಮೀ. ಪೈಪಿನಲ್ಲಿ ಗೂಟ ಇಳಿಯುವ ಗೂಡುಗಳಿಗೆ 8 ಸೆಂ.ಮೀ. ಎರಡು. ದೋಣಿ ಏರಿಸುವಾಗ ಗಾಡಿಯನ್ನು ವಾಲದಂತೆ ನಿಲ್ಲಿಸುವ ಊರುಗಾಲಿಗೆ 19 ಮಿ.ಮೀ. ಪೈಪು 34 ಸೆಂ.ಮೀ. ಅಚ್ಚಿಗೆ 16 ಮಿ.ಮೀ. ಗಟ್ಟಿ ಸಲಾಕೆ 80 ಸೆಂ.ಮೀ. ಮೂಲೆಗಟ್ಟಿಗೆ 3 ಮಿ.ಮೀ. ತಗಡಿನಿಂದ 5 ಸೆಂ.ಮೀ. ಎತ್ತರ, 10 ಸೆಂ.ಮೀ. ಉದ್ದದ ತ್ರಿಕೋನ ನಾಲ್ಕು. ಪಟ್ಟಿ ಕಟ್ಟುವ ಬಳೆಗಳಿಗೆ 6 ಮಿ.ಮೀ. ಸಲಾಕೆ ಒಂದು ಮೀಟರ್.

ಜೋಡಣೆ

ಅಚ್ಚಿನ ಕೊಳವೆಯ ಎರಡೂ ತುದಿಗೆ, ಒಳಗೆ 16.3 ಮಿ.ಮೀ. ರಂಧ್ರವಿರುವ ಡೆಲ್ರಿನ್ ಬುಷ್ ಬರಬೇಕು, ಆದರೆ ಅದನ್ನು ಬೆಸುಗೆಯೆಲ್ಲ ಮುಗಿದು ಲೋಹ ತಣಿದ ಮೇಲೆಯೇ ಕೂರಿಸಿ. ಮೊದಲು ಎರಡು ಗೂಡುಗಳ ಬುಡವನ್ನು ಕೊಳವೆಯ ಬೆನ್ನಿಗೆ ಹೊಂದುವಂತೆ ಅರದಿಂದ ಅರ್ಧಚಂದ್ರಾಕಾರವಾಗಿ ತಿದ್ದಿ, ಕೊಳವೆಯ ನಡುವಿನಿಂದ ಎರಡೂ ಕಡೆಗೆ 20 ಸೆಂ.ಮೀ. ದೂರದಲ್ಲಿ ನೆಟ್ಟಗೆ ನಿಲ್ಲಿಸಿ, ಚುಕ್ಕೆ ಬೆಸುಗೆ ಮಾತ್ರ ಹಾಕಿಸಿ. ಎರಡೂ ಗೂಡಿಗೆ ಉದ್ದನೆಯ ಪೈಪು ತೂರಿಸಿ ದೂರದಿಂದ ನೋಡಿದರೆ ಅವು ಒಂದಕ್ಕೊಂದು ಸಮನಾಗಿವೆಯೇ ಎಂಬುದು ಕಣ್ಣಿಗೇ ಕಾಣುತ್ತದೆ. ಸರಿಯಿದ್ದರೆ ಪೂರ್ತಿ ಬೆಸೆಯಿರಿ. ಒಂದೇ ಬದಿಯನ್ನು ಮುಗಿಸಿ ಇನ್ನೊಂದಕ್ಕೆ ಹೋದರೆ ಶಾಖಕ್ಕೆ ಕೊಳವೆ ಬಾಗುತ್ತದೆ. ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಬೆಸೆಯುವಂತೆ ಹೇಳಬೇಕು.

ಗೂಡಿನಲ್ಲಿ ಗೂಟ ಎರಡು ಮಿ.ಮೀ.ಗಿಂತ ತುಸು ಹೆಚ್ಚು ಸಡಿಲವಾಗಿ ಇಳಿಯುತ್ತದೆ. ಕೆಲಸಗಾರರು ಇದನ್ನು ನೋಡಿ ಇನ್ನೂ ಬಿಗಿಯಾದ ಪೈಪು ಕೊಡಲು ಮುಂದಾಗುತ್ತಾರೆ, ಒಪ್ಪಿಕೊಳ್ಳಬೇಡಿ. ಬಿಗಿಯಾದ ಜೋಡಣೆಯೊಳಗೆ ಮರಳು ಹೊಕ್ಕರೆ ಸಂಜೆ ಬಿಚ್ಚಲು ಸುತ್ತಿಗೆ ಬೇಕಾಗುತ್ತದೆ. ಗೂಡು ಮತ್ತು ಗೂಟವನ್ನು ಸೇರಿಸಿಯೇ 6.5 ಮಿ.ಮೀ. ತೂತು ಕೊರೆದು 6 ಮಿ.ಮೀ. ಪಿನ್ನು ಹಾಕಿದರೆ ಗೂಟ ತಿರುಗುವುದಿಲ್ಲ, ಕಳಚುವುದೂ ಇಲ್ಲ. ಗೂಡಿನ ಬುಡದಲ್ಲಿ ನೀರು ಬಸಿಯಲು ಒಂದು ಸಣ್ಣ ತೂತು ಮರೆಯಬಾರದು.

ಗೂಟದ ತಲೆಗೆ ಮಣೆಯನ್ನು ಬೆಸೆಯುವಾಗ ದೋಣಿಯನ್ನೇ ಮಾದರಿಯಾಗಿ ಬಳಸುವುದು ಉತ್ತಮ. ದೋಣಿಯನ್ನು ಬೋರಲು ಹಾಕಿ, ನಡುಗೆರೆಯ 20 ಸೆಂ.ಮೀ. ಹಿಂದೆ ಅದರ ತಳದ ಆಕಾರವನ್ನು ರಟ್ಟಿನ ಮೇಲೆ ಕತ್ತರಿಸಿಕೊಂಡು ಕಾರ್ಯಾಗಾರಕ್ಕೆ ಒಯ್ಯಿರಿ. ನಡುವೆ ಚೂಪಾದ ತಳವಿದ್ದರೆ ಗೂಟಗಳ ತಲೆಯನ್ನು ಅದಕ್ಕೆ ತಕ್ಕಂತೆ ಒಳಮುಖವಾಗಿ ಇಳಿಜಾರಾಗಿ ಕತ್ತರಿಸಬೇಕಾಗಬಹುದು. ಚಪ್ಪಟೆ ತಳಕ್ಕೆ ಅದು ಬೇಕಿಲ್ಲ. ಮಣೆಯ ನಡುಭಾಗ ಗೂಟದ ಮೇಲೆ ಬರುವಂತಿಟ್ಟು, ಹಿಂದೊಂದು ಮುಂದೊಂದು ತ್ರಿಕೋನ ಮೂಲೆಗಟ್ಟು ಬೆಸೆಯಿರಿ. ಹಿಂದೆ ಮುಂದೆ ಅಲುಗದಂತೆ ಹಿಡಿಯುವ ಭಾಗ ಇದೇ ಆದ್ದರಿಂದ ಇಲ್ಲಿ ಚುಕ್ಕೆ ಬೆಸುಗೆಯಲ್ಲಿ ತೃಪ್ತರಾಗಬೇಡಿ. ಮಣೆಗಳ ನಾಲ್ಕು ತುದಿಗಳ ಕೆಳಗೆ ಪಟ್ಟಿ ತೂರುವಷ್ಟು ದೊಡ್ಡ ಬಳೆಗಳನ್ನು ಬೆಸೆಯಿರಿ.

ಬೆಸುಗೆಯ ಸುತ್ತ ಕಾಣುವ ನೀಲಿ ಕಂದು ಬಣ್ಣವನ್ನು ಆಮ್ಲದ ಲೇಪದಿಂದ ತೆಗೆಸಿ ತೊಳೆಸಿ. ಹಾಗೆಯೇ ಬಿಟ್ಟರೆ ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ಸಾಮಾನ್ಯ ಕಬ್ಬಿಣ ಉಜ್ಜಿದ ಗ್ರೈಂಡಿಂಗ್ ಚಕ್ರವನ್ನೇ ಸ್ಟೇನ್‌ಲೆಸ್ಸಿಗೂ ಬಳಸಿದರೆ ಕಬ್ಬಿಣದ ಕಣಗಳು ಅಂಟಿ ಅಲ್ಲೂ ತುಕ್ಕು ಕಾಣಿಸಿಕೊಳ್ಳುತ್ತದೆ, ಆದ್ದರಿಂದ ಹೊಸ ಚಕ್ರ ಹಾಕಿಸಿ.

ಇನ್ನು ಊರುಗಾಲು. ಒಬ್ಬರೇ ದೋಣಿಯನ್ನು ಗಾಡಿಗೆ ಏರಿಸುವಾಗ ಮಣೆಗಳು ಹಿಂದಕ್ಕೆ ವಾಲದಂತೆ ಇದು ತಡೆಯುತ್ತದೆ. ಕೊಳವೆಯ ನಡುವೆ ಎರಡು ಕಿವಿಗಳನ್ನು ಬೆಸೆದು, 8 ಮಿ.ಮೀ. ಬೋಲ್ಟಿನಿಂದ ಊರುಗಾಲನ್ನು ದೋಣಿಯ ಹಿಂತುದಿಯ ಕಡೆಗೆ ಚಾಚುವಂತೆ ಸೇರಿಸಿ. ಮೇಲಿನಿಂದ ಕೆಳಗೆ ಇಳಿದು ನಿಲ್ಲುವಲ್ಲಿ ಒಂದು ತಡೆ ಇರಲಿ. ಬುಡಕ್ಕೆ ಅಂಗೈಯಗಲದ ತಗಡು ಇಲ್ಲದಿದ್ದರೆ ಮರಳಿನಲ್ಲಿ ಸರ್ರನೆ ಇಳಿದುಹೋಗುತ್ತದೆ. ಎಳೆಯುವಾಗ ಮಡಚಿ ರಬ್ಬರ್ ಪಟ್ಟಿಯಿಂದ ಮಣೆಗೆ ಸಿಕ್ಕಿಸಬೇಕು.

ಮಣೆಗಳಿಗೆ ಎ.ಸಿ. ಪೈಪಿಗೆ ಸುತ್ತುವ ಕಪ್ಪು ಸ್ಪಂಜಿನ ಕೊಳವೆಯನ್ನು ತೊಡಿಸಿ, ಅದರ ಮೇಲೆ ಸೀಳಿದ ಹಳೆಯ ಟ್ಯೂಬು ಬಿಗಿದು ಸುತ್ತಿ. ಬರಿ ಸ್ಪಂಜು ಒಂದು ತಿಂಗಳಲ್ಲಿ ಹರಿಯುತ್ತದೆ, ಬರಿ ಟ್ಯೂಬು ದೋಣಿಯನ್ನು ಕಚ್ಚಿ ಹಿಡಿದರೂ ಮೆತ್ತಗಿರುವುದಿಲ್ಲ. ಕೊನೆಗೆ ಸಲಾಕೆಯನ್ನು ಕೊಳವೆಯಲ್ಲಿ ತೂರಿಸಿ, ಎರಡೂ ಕಡೆ ಅಗಲದ ವಾಷರು, ಗಾಲಿ, ಮತ್ತೆ ವಾಷರು ಹಾಕಿ, ಸಲಾಕೆಯ ತುದಿಯ ತೂತಿಗೆ ಕಡಾಣಿ ಸಿಕ್ಕಿಸಿ. ಎತ್ತಿನ ಗಾಡಿಯ ಕಾಲದಿಂದಲೂ ಗಾಲಿ ಕಳಚದಂತೆ ಹಿಡಿಯುವ ಈ ಚಿಕ್ಕ ಕೀಲಿಗೆ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯಲ್ಲಿ ಸಿಗುವ, ಬಳೆಯಿರುವ ಪಿನ್ನುಗಳು ಚೆನ್ನಾಗಿ ಒದಗುತ್ತವೆ. ಪ್ರತಿಯೊಂದನ್ನೂ ಗಾಡಿಗೆ ದಾರದಿಂದ ಕಟ್ಟಿಡಿ. ಮರಳಿನಲ್ಲಿ ಬಿದ್ದ ಪಿನ್ನು ಸಿಗುವುದಿಲ್ಲ.

ಪಟ್ಟಿ ಕಟ್ಟುವುದು, ಏರಿಸುವುದು

25 ಮಿ.ಮೀ. ಅಗಲದ ಪಾಲಿಯೆಸ್ಟರ್ ಪಟ್ಟಿ ಮೂರು ಬೇಕು. ನೈಲಾನ್ ಒದ್ದೆಯಾದಾಗ ಹಿಗ್ಗುವುದರಿಂದ ಅರ್ಧ ದಾರಿಯಲ್ಲಿ ಸಡಿಲವಾಗುತ್ತದೆ. ಒತ್ತಿ ಹಿಡಿಯುವ ಸರಳ ಬಕಲ್ ಸಾಕು. ಲಾರಿಗಳಲ್ಲಿ ಬಳಸುವ ಹಲ್ಲುಚಕ್ರದ ಬಕಲ್ಲಿನಿಂದ ಎಳೆದರೆ ಪಾಲಿಥೀನ್ ತಳ ತಗ್ಗಾಗುತ್ತದೆ. ಎರಡು ಪಟ್ಟಿಗಳು ಮಣೆಯ ಮುಂದಿನ ಮತ್ತು ಹಿಂದಿನ ಬಳೆಗಳಿಂದ ದೋಣಿಯ ಮೇಲೆ ಹಾದುಹೋಗುತ್ತವೆ. ಮೂರನೆಯದೇ ಮುಖ್ಯ. ಅದು ಗಾಡಿಯ ಎರಡೂ ಮುಂದಿನ ಬಳೆಗಳಿಂದ ಹೊರಟು, ದೋಣಿಯ ಮುಂದಿನ ಹಿಡಿಕೆಯ ಅಥವಾ ಆಸನದ ಕೊಂಡಿಯವರೆಗೆ ‘ವಿ’ ಆಕಾರದಲ್ಲಿ ಹೋಗಬೇಕು. ಗಾಲಿ ಕಲ್ಲಿಗೆ ಬಡಿದಾಗ ಗಾಡಿ ಹಿಂದಕ್ಕೆ ಜಾರದಂತೆ ತಡೆಯುವುದು ಇದು. ಅಡ್ಡಪಟ್ಟಿಗಳನ್ನು ಎಷ್ಟು ಬಿಗಿದರೂ ಈ ಕೆಲಸ ಅವುಗಳಿಂದ ಆಗದು.

ಏರಿಸುವಾಗ ದೋಣಿಯ ಹಿಂತುದಿಯ ಹತ್ತಿರ ಗಾಡಿಯನ್ನಿಟ್ಟು ಊರುಗಾಲು ಇಳಿಸಿ. ಹಿಂತುದಿಯನ್ನು ಎತ್ತಿ ಮಣೆಗಳ ಮೇಲಿಡಿ, ಬಳಿಕ ಮುಂತುದಿಗೆ ಹೋಗಿ ಅದನ್ನು ಎತ್ತಿ, ಅಚ್ಚು ಗೆರೆಯ ಹಿಂದಿನ 20 ಸೆಂ.ಮೀ. ಗುರುತಿಗೆ ಬರುವವರೆಗೆ ಹಿಂದಕ್ಕೆ ತಳ್ಳಿ. ಹೀಗೆ ಒಮ್ಮೆಗೆ ದೋಣಿಯ ಹೆಚ್ಚು ಕಡಿಮೆ ಅರ್ಧ ಭಾರ ಮಾತ್ರ ಕೈಗೆ ಬರುತ್ತದೆ. ಭಾರದ ಸಾಮಾನುಗಳನ್ನು ಅಚ್ಚಿನ ಮೇಲ್ಭಾಗದಲ್ಲೇ ಇಡಿ. ಮೆಟ್ಟಿಲು ಇಳಿಯುವಾಗ ನೀವು ಮೇಲ್ಗಡೆ ನಿಂತು ದೋಣಿಯನ್ನು ಮೆಲ್ಲನೆ ಮುಂದೆ ಬಿಡುವುದು ಸುರಕ್ಷಿತ. ಕೆಳಗೆ ನಿಂತರೆ ಕೈತಪ್ಪಿದ ಗಾಡಿ ಮೈಮೇಲೆ ಬರುತ್ತದೆ.

ಪರೀಕ್ಷೆ ಮತ್ತು ಪಾಲನೆ

ದೋಣಿ ಏರಿಸುವ ಮೊದಲು 25 ಕಿಲೋದ ಮೂರು ಅಕ್ಕಿ ಮೂಟೆಗಳನ್ನು ಹಲಗೆಯ ಮೇಲಿಟ್ಟು ಮಣೆಗಳಿಗೆ ಕಟ್ಟಿ. ಇದು ನಿಜವಾದ ಭಾರದ ಎರಡು ಪಟ್ಟಿಗಿಂತ ಹೆಚ್ಚು. ಅಂಗಳದಲ್ಲಿ ಓಡಾಡಿಸಿ, ಒಂದು ಮೆಟ್ಟಿಲಿನಿಂದ ಇಳಿಸಿ, ಬಳಿಕ ಸಲಾಕೆಯನ್ನು ಹೊರತೆಗೆದು ಸಮತಟ್ಟಾದ ಗ್ರಾನೈಟ್ ಕಲ್ಲಿನ ಮೇಲೆ ಉರುಳಿಸಿ ನೋಡಿ. ಬಾಗಿದ್ದರೆ ಅದು ಕುಂಟುತ್ತಾ ಉರುಳುತ್ತದೆ. ಬೆಸುಗೆಗಳ ಮೇಲೆ ಬೆರಳಾಡಿಸಿ ಬಿರುಕು ಹುಡುಕಿ. ನಂತರವೇ ದೋಣಿಯನ್ನು ಕಟ್ಟಿ, ಭರತ ಇಳಿದ ಹೊತ್ತಿನಲ್ಲಿ, ಒಣ ಮರಳಿನ ಅತ್ಯಂತ ಉದ್ದನೆಯ ದಾರಿಯಲ್ಲಿ ಒಮ್ಮೆ ಹೋಗಿ ಬನ್ನಿ. ಗಾಲಿ ಹೂತರೆ ಗಾಳಿ ಇಳಿಸಿ, ಮೂತಿ ತೀರಾ ಹಗುರವೆನಿಸಿದರೆ ಗಾಡಿಯನ್ನು ಐದು ಸೆಂ.ಮೀ. ಹಿಂದಕ್ಕೆ ಸರಿಸಿ.

ನೀರಿಗಿಳಿಯುವ ಮುನ್ನ ಗಾಲಿ ಕಳಚಿ, ಗೂಟಗಳನ್ನು ಎಳೆದು, ಎಲ್ಲವನ್ನೂ ಬಲೆಚೀಲದಲ್ಲಿ ಹಾಕಿ ದೋಣಿಯ ಹಿಂಭಾಗಕ್ಕೆ ಹಗ್ಗದಿಂದ ಕಟ್ಟಬೇಕು. ಸ್ಟೀಲು ಮುಳುಗುತ್ತದೆ, ಆದ್ದರಿಂದ ಚೀಲದ ಬಾಯಿ ಮತ್ತು ಗಂಟು ಎರಡನ್ನೂ ನೋಡಿಕೊಳ್ಳಿ. ದಡದಲ್ಲಿ ದೋಣಿಯನ್ನು ಗಾಡಿಯ ಮೇಲೆ ಬಿಗಿದೇ ಬಿಸಿಲಿನಲ್ಲಿ ಬಿಡಬೇಡಿ. ಕಾದ ಪಾಲಿಥೀನ್ ಮೆತ್ತಗಾಗಿ ಮಣೆಯ ಗುರುತು ತಳದಲ್ಲಿ ಉಳಿಯುತ್ತದೆ. ಮನೆಗೆ ಬಂದ ಸಂಜೆಯೇ ಸಿಹಿನೀರಿನಿಂದ ಗೂಡುಗಳ ಒಳಗೂ ಕೊಳವೆಯ ಒಳಗೂ ತೊಳೆದು, ನೀರು ಬಸಿಯುವಂತೆ ತಲೆಕೆಳಗಾಗಿ ಜಗಲಿಯ ಮೊಳೆಗೆ ತೂಗುಹಾಕಿ. ಮಳೆಗಾಲದ ನಾಲ್ಕು ತಿಂಗಳಿಗೆ ಎತ್ತಿಡುವಾಗ ಗಾಲಿಯ ಗಾಳಿಯನ್ನು ಅರ್ಧ ಬಿಟ್ಟು, ಸಲಾಕೆಗೆ ತೆಳ್ಳಗೆ ಗ್ರೀಸು ಸವರಿ, ಎರಡು ಹೆಚ್ಚುವರಿ ಕಡಾಣಿಗಳನ್ನು ಅದೇ ಚೀಲದಲ್ಲಿ ಕಟ್ಟಿಡಿ.